ಒಂಬತ್ತನೆಯ ಕಲಂ

ಟ್ರಸ್ಟಿನ ಆಫೀಸು ಆಸ್ಪತ್ರೆಯ ಮೆಟ್ಟಿಲ ಕೆಳಗೆ.
ನಿಂತರೆ ತಲೆ ತಾಗುತ್ತದೆ, ಹಾಗಾಗಿ ಇಲ್ಲಿ
ಎಲ್ಲರೂ ಕೂತೇ ಮಾತಾಡಬೇಕು.
ಅವಳು ಮಾತ್ರ ಬಗ್ಗಿ ನಿಂತಳು.
“ಕೂತ್ರೆ ಒತ್ತುತ್ತೆ” ಅಂದಳು, ಬಾಗಿಲ ಕಡೆ ನೋಡುತ್ತ.

ಹೆಸರು?
ಆಧಾರಿನಲ್ಲಿ ಗಂಗಮ್ಮ.
ರೇಷನ್ ಕಾರ್ಡಿನಲ್ಲಿ ಗಂಗಹುಚ್ಚಮ್ಮ.
ನಡುವೆ ಬಿದ್ದುಹೋದ ಹುಚ್ಚಮ್ಮನಿಗಾಗಿ
ಸರ್ಕಾರಿ ಕೌಂಟರಿನವರು ಮೂರು ಸಲ ವಾಪಸು ಕಳಿಸಿದ್ದರು.
ನಾಲ್ಕನೆಯದು ನನ್ನ ಬಾಗಿಲು.

ಕಲಂ ಒಂಬತ್ತು: ಕಾಯಿಲೆ ಎಷ್ಟು ಕಾಲದಿಂದ?
“ಗೊರಗುಂಟೆಪಾಳ್ಯದಾಗೆ ಮೇಲ್ಸೇತುವೆಗೆ ಕಂಬ ನೆಡ್ತಿದ್ರಲ್ಲ,
ಆವಾಗ್ಲಿಂದ ಕಣಕ್ಕ.”
ಬೆರಳು ಮಡಚಿ ಎಣಿಸಿದೆ.
ಕಂಬ ಎದ್ದು, ಕಂಬದ ಮೇಲೆ ರಸ್ತೆ ಮಲಗಿ,
ವರ್ಷಗಟ್ಟಲೆ ಲಾರಿ ಹೊತ್ತು
ಒಂದು ದಿನ ಆ ರಸ್ತೆಗೇ ನಡು ಹಿಡಿದು,
ಭಾರದ ಗಾಡಿ ಹತ್ತಕೂಡದೆಂದು ಬೋರ್ಡು ಬಿದ್ದು,
ಎಂಜಿನಿಯರುಗಳು ಬಂದು, ಒಳಗಿನ ತಂತಿ ನೋಡಿ,
ಪೇಪರಿನಲ್ಲೆಲ್ಲ ಬಂದು
ಅಷ್ಟೂ ಕಾಲ ಈಕೆ
ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಮೂಟೆ ಎಳೆದಿದ್ದಾಳೆ,
ಸೀರೆಯೊಳಗೆ ಹಳೇ ಪಂಚೆ ಬಿಗಿದು.
ಬೋರ್ಡು ಹಾಕುವವರು ಯಾರು?
ಮಗಳಿಗೂ ಹೇಳಿರಲಿಲ್ಲ.
ಮೊದಲು ಹೇಳಿದ್ದು ಇಲ್ಲಿನ ಡಾಕ್ಟರಮ್ಮನಿಗೆ,
ಅದೂ ಕೆಮ್ಮಿಗೆಂದು ಬಂದು,
ಕೆಮ್ಮಿದಾಗ ಏನಾಗುತ್ತೆ ಅಂತ ಅವರೇ ಕೇಳಿದ್ದಕ್ಕೆ.

ಒಳಗೆ ಒಂದು ಬಲೆಯಂಥದ್ದು ಇಟ್ಟು
ಜಾರಿದ್ದನ್ನು ಎತ್ತಿ ಕಟ್ಟುತ್ತೇವೆ ಅಂದರು.
“ನಮ್ಮ ಈರುಳ್ಳಿ ಚೀಲದ ಥರವಾ? ಕೆಂಪುಂದಾ?”
ಡಾಕ್ಟರಮ್ಮ ನಕ್ಕರು, ನಾನೂ.
ಅವಳು ನಗಲಿಲ್ಲ. ಆ ಚೀಲ
ಐವತ್ತು ಕೆ.ಜಿ. ತಡೆಯುವುದನ್ನು
ದಿನಾ ಕಂಡವಳು.

ಎಪ್ಪತ್ತೆರಡು ಸಾವಿರ.
ಅರ್ಧ ಕೊಟ್ಟದ್ದು ರಿಟೈರಾದ ಒಬ್ಬ ಹೊಲಿಗೆ ಟೀಚರು,
ತಾಯಿಯ ತಿಥಿಗೆಂದು, ಹೆಸರು ಹಾಕಬೇಡಿ ಎಂಬ ಚೀಟಿಯೊಂದಿಗೆ.
ಮಿಕ್ಕ ಅರ್ಧ ಒಂದು ಸೀರೆ ಅಂಗಡಿಯದು.
ಅವರಿಗೆ ಫೋಟೋ ಬೇಕು, ವಾರ್ಷಿಕ ಪುಸ್ತಿಕೆಗೆ,
ಸಾಧ್ಯವಾದರೆ ನಗುತ್ತಿರುವುದು.
“ಮುಖ ತಗೊಳ್ಳಿ, ಚಿಂತಿಲ್ಲ.
ಏನಾಗಿತ್ತು ಅಂತ ಮಾತ್ರ ಬರೀಬ್ಯಾಡಿ.”
ಪುಸ್ತಿಕೆಯಲ್ಲಿ ಬರೆದೆ: ಹೊಟ್ಟೆನೋವು.

ಇಲ್ಲಿ ನೋಡಿ, ಮುಖ ಒಂದು ಬಿಟ್ಟು
ಎಲ್ಲವನ್ನೂ ಬರೆಯುತ್ತಿದ್ದೇನೆ.
ಅದಕ್ಕೇ ಹೇಳಿಬಿಡುತ್ತೇನೆ:
ಮೇಲಿನ ಎರಡೂ ಹೆಸರು ಸುಳ್ಳು.
ಈರುಳ್ಳಿ ನಿಜ.

ಡಿಸ್ಚಾರ್ಜಿನ ದಿನ ನರ್ಸು ಓದಿ ಹೇಳಿದಳು:
ಮೂರು ತಿಂಗಳು, ಎರಡು ಕೆ.ಜಿ.ಗಿಂತ ಹೆಚ್ಚು ಎತ್ತುವಂತಿಲ್ಲ.
ಕೊಡ ಇಲ್ಲ, ಮೊಮ್ಮಗ ಇಲ್ಲ, ಮೂಟೆಯಂತೂ ಇಲ್ಲ.
“ಆ ಮೂರು ತಿಂಗಳ್ದು ಯಾರು ಕೊಡ್ತಾರಕ್ಕ?”
ಅರ್ಜಿ ತಿರುವಿ ನೋಡಿದೆ.
ಹದಿನಾಲ್ಕು ಕಲಂ. ಅದಕ್ಕೆ ಒಂದೂ ಇಲ್ಲ.
ಸ್ಕೇಲು ಇಟ್ಟು ಪೆನ್ಸಿಲಿನಲ್ಲಿ
ಹದಿನೈದನೆಯದೊಂದು ಗೆರೆ ಎಳೆದು ಸಮಿತಿಗೆ ಕಳಿಸಿದೆ.
ವಾಪಸು ಬಂತು. ಅಳಿಸಿದ್ದರು.
ನೀಟಾಗಿಯೇ ಅಳಿಸಿದ್ದರು.

ಲಾರಿಯಿಂದ ಉದುರಿದ್ದನ್ನು ಆಯುವ ಹೆಂಗಸರು
ಆ ಮಂಡಿಯಲ್ಲಿ ಹನ್ನೊಂದು ಜನ.
ದಿನಕ್ಕೊಬ್ಬಳ ಮಂಕರಿ ಅವಳ ಪಾಲಿಗೆ ಹೋಯಿತಂತೆ,
ಸರದಿಯ ಮೇಲೆ, ಒಂದೊಂದು ದಿನ ಜಗಳದ ಮೇಲೆ.
ರಸೀದಿ ಯಾರೂ ಕೇಳಲಿಲ್ಲ.
ಅದರಲ್ಲಿ ಕೊಳೆತದ್ದೂ ಇರುತ್ತಿತ್ತು ಅಂದಳು,
ಇರುತ್ತಿತ್ತು ಎಂಬುದನ್ನು ಮುಚ್ಚಿಡದೆ.

ಇದು ತಿಳಿದದ್ದು ಅವಳು ಕೊನೆಯ ತಪಾಸಣೆಗೆ ಬಂದಾಗ.
ಆ ದಿನ ಕೂತಳು.
ಬೆನ್ನು ಆನಿಸಿ, ಕಾಲು ನೀಡಿ, ಊರಿಗೆ ಬಂದವಳಂತೆ.
ಮೇಜಿನ ಮೇಲೆ ಹೊಸ ಅರ್ಜಿಗಳ ಕಟ್ಟು:
ಲಗ್ಗೆರೆ, ಹೆಗ್ಗನಹಳ್ಳಿ, ಬಾಗಲಗುಂಟೆ,
ಎಲ್ಲದರಲ್ಲೂ ಒಂಬತ್ತನೆಯ ಕಲಂ ಖಾಲಿ.
ಟೀ ಲೋಟ ಇಡಲು ಜಾಗ ಮಾಡೋಣವೆಂದು
ಕಟ್ಟಿಗೆ ಕೈ ಹಾಕಿದಳು. ತುಸು ಎತ್ತಿದಳು.
ಮಂಡಿಯ ತಕ್ಕಡಿಯಂಥ ಕೈ.
ಅಲ್ಲೇ ಬಿಟ್ಟಳು.

“ಇದು ಎರಡು ಕೇಜಿಗಿಂತ ಜಾಸ್ತಿ ಐತೆ.
ನಾನು ಎತ್ತಂಗಿಲ್ಲ.
ನೀವೇ ಎತ್ಕಳಿ.”